ಪ್ರಯೋಗಾಲಯದಿಂದ ಕಾರ್ಖಾನೆಗೆ: ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ತೋರಿದ ದಾರಿ

ವೈದ್ಯಕೀಯ ಉಪಕರಣಗಳ ತಯಾರಿಕೆಯೆಂದರೆ ಅಪಾರ ಬಂಡವಾಳ ಮತ್ತು ವಿದೇಶಿ ತಂತ್ರಜ್ಞಾನವುಳ್ಳ ಬೃಹತ್ ಕಂಪನಿಗಳಿಗಷ್ಟೇ ಸಾಧ್ಯವಾದ ಉದ್ಯಮವೆಂಬ ಭಾವನೆ ಸಣ್ಣ ಉದ್ಯಮಿಗಳಲ್ಲಿ ಬೇರೂರಿದೆ. ಆದರೆ ಆಸ್ಪತ್ರೆಯಲ್ಲಿ ಬಳಸುವ ಅನೇಕ ವಸ್ತುಗಳನ್ನು ಬಿಡಿಸಿ ನೋಡಿದರೆ ಅವುಗಳಲ್ಲಿರುವುದು ಪ್ಲಾಸ್ಟಿಕ್ ಹಾಳೆ, ಯಂತ್ರದಲ್ಲಿ ಕಡೆದ ಲೋಹ, ನೇಯ್ದ ಪಾಲಿಯೆಸ್ಟರ್ ಬಟ್ಟೆ. ಇವುಗಳೊಡನೆ ದಿನನಿತ್ಯ ವ್ಯವಹರಿಸುವ ಸಣ್ಣ ಕೈಗಾರಿಕೆಗಳು ದೇಶದಲ್ಲಿ ಲೆಕ್ಕವಿಲ್ಲದಷ್ಟಿವೆ. ಅವುಗಳ ಬಳಿ ಇಲ್ಲದಿರುವುದು ಕೈಚಳಕವಲ್ಲ. ತಯಾರಾದ ವಸ್ತು ಮನುಷ್ಯನ ದೇಹದೊಳಗೆ ವರ್ಷಾನುಗಟ್ಟಲೆ ಕೆಡುಕುಂಟುಮಾಡದೆ ಕೆಲಸ ಮಾಡುತ್ತದೆ ಎಂಬುದಕ್ಕೆ ಪುರಾವೆ. ಆ ಪುರಾವೆಯನ್ನು ಒದಗಿಸಲು ಪ್ರಯೋಗಾಲಯ, ಪ್ರಾಣಿಗಳ ಮೇಲಿನ ಪರೀಕ್ಷೆ, ಶಸ್ತ್ರವೈದ್ಯರ ಸಹಕಾರ ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಕಾಲ ಬೇಕು. ಈ ಹೊರೆಯನ್ನು ಸಣ್ಣ ಘಟಕವೊಂದು ಒಂಟಿಯಾಗಿ ಹೊರಲಾರದು.

ಆ ಹೊರೆಯ ಬಹುಭಾಗವನ್ನು ಸರ್ಕಾರಿ ಸಂಸ್ಥೆಯೊಂದು ಹೊತ್ತರೆ ಏನಾಗಬಹುದು ಎಂಬುದಕ್ಕೆ ಕೇರಳದ ತಿರುವನಂತಪುರದಲ್ಲಿರುವ ಶ್ರೀ ಚಿತ್ರಾ ತಿರುನಾಳ್ ವೈದ್ಯಕೀಯ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಉತ್ತಮ ನಿದರ್ಶನವಾಗಿದೆ.

ಅರಮನೆಯಲ್ಲಿ ಪ್ರಯೋಗಾಲಯ

ತಿರುವಾಂಕೂರಿನ ರಾಜಮನೆತನವು 1973ರಲ್ಲಿ ಬಹುಮಹಡಿ ಕಟ್ಟಡವೊಂದನ್ನು ದಾನವಾಗಿ ನೀಡಿದ್ದು ಈ ಸಂಸ್ಥೆಯ ಹುಟ್ಟಿಗೆ ಕಾರಣವಾಯಿತು. 1976ರಲ್ಲಿ ಅಂದಿನ ಯೋಜನಾ ಆಯೋಗದ ಉಪಾಧ್ಯಕ್ಷ ಪಿ.ಎನ್. ಹಕ್ಸರ್ ಅವರು ಉದ್ಘಾಟಿಸಿದ ಆಸ್ಪತ್ರೆಯು ಹೃದಯ ಮತ್ತು ನರರೋಗಗಳ ಚಿಕಿತ್ಸೆಗೆ ಮೀಸಲಾಯಿತು. ಪೂಜಪ್ಪುರದಲ್ಲಿರುವ ಸಾಟೆಲ್‌ಮಂಡ್ ಅರಮನೆಯನ್ನೂ ರಾಜಮನೆತನ ಬಿಟ್ಟುಕೊಟ್ಟ ಮೇಲೆ ಅಲ್ಲಿ ಜೈವಿಕ ವೈದ್ಯಕೀಯ ತಂತ್ರಜ್ಞಾನ ವಿಭಾಗ ನೆಲೆಗೊಂಡಿತು. 1980ರಲ್ಲಿ ಸಂಸತ್ತು ಕಾಯಿದೆಯ ಮೂಲಕ ಇದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಘೋಷಿಸಿತು. ಗಮನಿಸಬೇಕಾದ ಸಂಗತಿಯೆಂದರೆ, ಆಸ್ಪತ್ರೆಯನ್ನು ಹೊಂದಿದ್ದರೂ ಇದು ಆರೋಗ್ಯ ಸಚಿವಾಲಯಕ್ಕೆ ಸೇರದೆ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಆಶ್ರಯದಲ್ಲಿದೆ.

ಶಸ್ತ್ರವೈದ್ಯರನ್ನೂ ಇಂಜಿನಿಯರುಗಳನ್ನೂ ಒಂದೇ ಆಡಳಿತದಡಿ ತರುವ ಈ ಕಲ್ಪನೆಯ ಹಿಂದಿದ್ದವರು ಹೃದಯ ಶಸ್ತ್ರವೈದ್ಯ ಡಾ. ಎಂ.ಎಸ್. ವಲಿಯತ್ತಾನ್. ವೈದ್ಯರಿಗೆ ಏನು ಬೇಕೆಂಬುದು ಇಂಜಿನಿಯರಿಗೆ ತಿಳಿಯದೆ, ಇಂಜಿನಿಯರು ಏನು ಮಾಡಬಲ್ಲನೆಂಬುದು ವೈದ್ಯರಿಗೆ ತಿಳಿಯದೆ ಉಳಿಯುವ ಕಂದಕವನ್ನು ಈ ವ್ಯವಸ್ಥೆ ಮುಚ್ಚಿತು. ಮುಂದೆ ಮಣಿಪಾಲದ ವಿಶ್ವವಿದ್ಯಾಲಯದ ಕುಲಪತಿಗಳಾಗಿ ಕರ್ನಾಟಕಕ್ಕೆ ಬಂದ ಅವರು 2024ರ ಜುಲೈನಲ್ಲಿ ಮಣಿಪಾಲದಲ್ಲಿಯೇ ನಿಧನರಾದರು.

ರಕ್ತದ ಚೀಲ: ಸಣ್ಣ ಉದ್ಯಮಿಯ ಸಾಹಸ

ಸಂಸ್ಥೆಯಿಂದ ಮಾರುಕಟ್ಟೆಗೆ ಬಂದ ಮೊದಲ ದೊಡ್ಡ ಯಶಸ್ಸುಗಳಲ್ಲಿ ರಕ್ತದ ಚೀಲವೂ ಒಂದು. ದೇಶದ ರಕ್ತನಿಧಿಗಳಲ್ಲಿ ಒಂದು ಕಾಲಕ್ಕೆ ಗಾಜಿನ ಬಾಟಲಿಗಳೇ ಬಳಕೆಯಲ್ಲಿದ್ದವು. ಬಾಟಲಿ ಒಡೆಯುತ್ತಿತ್ತು; ಅದನ್ನು ತೊಳೆದು ಮತ್ತೆ ಬಳಸುವಾಗ ಸೋಂಕಿನ ಭಯವಿರುತ್ತಿತ್ತು. ಒಂದಕ್ಕೊಂದು ಜೋಡಿಸಿದ ಪ್ಲಾಸ್ಟಿಕ್ ಚೀಲಗಳಲ್ಲಾದರೆ ರಕ್ತವನ್ನು ಯಂತ್ರದಲ್ಲಿ ತಿರುಗಿಸಿ ಕೆಂಪು ಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್‌ಗಳನ್ನು ಗಾಳಿ ಸೋಕದಂತೆ ಬೇರ್ಪಡಿಸಬಹುದು. ಆಗ ಒಬ್ಬ ದಾನಿಯ ರಕ್ತ ಒಬ್ಬರಿಗಿಂತ ಹೆಚ್ಚು ರೋಗಿಗಳಿಗೆ ಒದಗುತ್ತದೆ.

ಈ ಚೀಲ ತಯಾರಾಗುವುದು ಮೃದುಗೊಳಿಸಿದ ಪಿವಿಸಿ ಹಾಳೆಯಿಂದ. ಅದರ ಅಂಚುಗಳನ್ನು ಬೆಸೆಯುವುದು ಫೈಲು ಕವರುಗಳನ್ನು ಬೆಸೆಯುವ ರೇಡಿಯೋ ತರಂಗದ ಯಂತ್ರದ ತತ್ತ್ವದಿಂದಲೇ. ಆದರೆ ಫೈಲು ಕವರಿನ ಬೆಸುಗೆ ಬಿಟ್ಟರೆ ಕಾಗದ ನೆನೆದೀತು. ರಕ್ತದ ಚೀಲದ ಬೆಸುಗೆ ಬಿಟ್ಟರೆ ಪ್ರಾಣಕ್ಕೇ ಸಂಚಕಾರ. ಹಾಳೆಯಿಂದ ಯಾವ ರಾಸಾಯನಿಕ ರಕ್ತಕ್ಕಿಳಿಯುತ್ತದೆ, ಹಬೆಯ ಶಾಖಕ್ಕೆ ಚೀಲ ತಾಳುತ್ತದೆಯೇ, ತುಂಬಿಟ್ಟ ರಕ್ತ ಎಷ್ಟು ದಿನ ಕೆಡದೆ ಉಳಿಯುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಕಂಡುಕೊಂಡದ್ದು ಶ್ರೀ ಚಿತ್ರಾ ಸಂಸ್ಥೆಯ ಸಾಧನೆ.

ಆ ತಂತ್ರಜ್ಞಾನವನ್ನು ಪಡೆದವರು ಯಾವುದೇ ಉದ್ಯಮ ಮನೆತನಕ್ಕೆ ಸೇರಿದವರಲ್ಲ. 1983ರಲ್ಲಿ ಐಎಎಸ್ ಸೇವೆಗೆ ರಾಜೀನಾಮೆಯಿತ್ತ ಸಿ. ಬಾಲಗೋಪಾಲ್ ಅವರು ತಿರುವನಂತಪುರದಲ್ಲಿ ಪೆನಿನ್ಸುಲಾ ಪಾಲಿಮರ್ಸ್ ಎಂಬ ಕಂಪನಿಯನ್ನು ಕಟ್ಟಿದರು. ಉತ್ಪಾದನೆ ಆರಂಭವಾದದ್ದು 1987ರಲ್ಲಿ. ರಾಜೀನಾಮೆಗೂ ಮೊದಲ ಸರಕಿಗೂ ನಡುವಿನ ಆ ನಾಲ್ಕು ವರ್ಷಗಳೇ ಈ ವ್ಯಾಪಾರದ ಸ್ವಭಾವವನ್ನು ಹೇಳುತ್ತವೆ. 1999ರಲ್ಲಿ ಜಪಾನಿನ ಟೆರುಮೊ ಕಂಪನಿ ಪಾಲುದಾರನಾಗಿ ಬಂದು ಟೆರುಮೊ ಪೆನ್‌ಪೋಲ್ ರೂಪುಗೊಂಡಿತು. ಅಲ್ಲಿಯ ಚೀಲಗಳು ಹಲವಾರು ದೇಶಗಳಿಗೆ ರಫ್ತಾಗಿವೆ. ಸರ್ಕಾರಿ ಪ್ರಯೋಗಾಲಯದ ವಿದ್ಯೆ ಮತ್ತು ಖಾಸಗಿ ಉದ್ಯಮಿಯ ಹಟ ಕೂಡಿದಾಗ ಜಾಗತಿಕ ಮಾರುಕಟ್ಟೆಯೂ ನಿಲುಕದ್ದಲ್ಲ ಎಂಬುದಕ್ಕೆ ಇದು ಸಾಕ್ಷಿ.

ಹೃದಯದ ಕವಾಟ: ಸೋಲುಗಳ ಬೆಲೆ

ಸಂಸ್ಥೆಗೆ ಹೆಚ್ಚಿನ ಕೀರ್ತಿ ತಂದದ್ದು ಕೃತಕ ಹೃದಯ ಕವಾಟ. ಬಾಲ್ಯದಲ್ಲಿ ತಗುಲುವ ಸಂಧಿವಾತ ಜ್ವರದಿಂದ ಹೃದಯದ ಕವಾಟ ಕೆಡುವ ರೋಗ ದೇಶದ ಬಡ ಕುಟುಂಬಗಳಲ್ಲಿ ವ್ಯಾಪಕವಾಗಿತ್ತು. ಆಮದಾದ ಕವಾಟದ ಬೆಲೆ ಆ ಕುಟುಂಬಗಳ ಕೈಗೆ ಎಟುಕುವಂಥದಾಗಿರಲಿಲ್ಲ. ಆದುದರಿಂದ 1970ರ ದಶಕದ ಕೊನೆಯ ವೇಳೆಗೆ ಡಾ. ವಲಿಯತ್ತಾನ್ ಹಾಗೂ ಇಂಜಿನಿಯರ್ ಜಿ.ಎಸ್. ಭುವನೇಶ್ವರ್ ಅವರ ತಂಡ ಸ್ವದೇಶಿ ಕವಾಟದ ಕೆಲಸಕ್ಕೆ ಕೈಹಾಕಿತು.

ಕೆಲಸ ಸುಲಭದ್ದಾಗಿರಲಿಲ್ಲ. ಹೃದಯ ನಿಮಿಷಕ್ಕೆ 70 ಬಾರಿ ಬಡಿಯುತ್ತದೆಂದು ಲೆಕ್ಕ ಹಿಡಿದರೆ, ಕವಾಟವು ವರ್ಷಕ್ಕೆ ಸುಮಾರು 3.68 ಕೋಟಿ ಬಾರಿ ತೆರೆದು ಮುಚ್ಚಬೇಕು. ಹತ್ತು ವರ್ಷಕ್ಕೆ ಸುಮಾರು 36.8 ಕೋಟಿ ಬಾರಿ. ಇಷ್ಟು ಬಡಿತಗಳನ್ನು ವೇಗವಾಗಿ ಮುಗಿಸುವ ಪರೀಕ್ಷಾ ಯಂತ್ರಗಳ ಮೇಲೆ ಪ್ರತಿಯೊಂದು ಮಾದರಿಯನ್ನೂ ಇಡಲಾಯಿತು. ಮೊದಲ ಮೂರು ಮಾದರಿಗಳನ್ನು ಕೈಬಿಡಬೇಕಾಯಿತು. ಕೃತಕ ನೀಲಮಣಿಯ ಬಿಲ್ಲೆಯನ್ನು ಹೊಂದಿದ್ದ ಮಾದರಿಯು ಪ್ರಾಣಿಗಳ ಮೇಲಿನ ಪ್ರಯೋಗದವರೆಗೆ ಬಂದು, ಅಲ್ಲಿ ಬಿಲ್ಲೆ ಒಡೆದದ್ದರಿಂದ ನಿರಾಕೃತವಾಯಿತು.

ನಾಲ್ಕನೆಯ ಮಾದರಿ ಗೆದ್ದಿತು. ಅದರ ಚೌಕಟ್ಟು ಕೋಬಾಲ್ಟ್ ಮೂಲದ ಹೇನ್ಸ್-25 ಮಿಶ್ರಲೋಹದ ಒಂದೇ ತುಂಡಿನಿಂದ ಕಡೆದದ್ದು. ಬೆಸುಗೆಯ ಜೋಡಣೆ ಎಲ್ಲಿಯೂ ಇಲ್ಲ. ಬಿಲ್ಲೆ ಅತ್ಯಧಿಕ ಅಣುಭಾರದ ಪಾಲಿಎಥಿಲೀನಿನದು. ಹೊಲಿಗೆಯ ಉಂಗುರ ಪಾಲಿಯೆಸ್ಟರಿನದು. ಬೆಸುಗೆಯಿಲ್ಲದ ಚೌಕಟ್ಟಿನ ಮಹತ್ವವನ್ನು ಅದೇ ದಶಕದ ಇನ್ನೊಂದು ಘಟನೆ ಮನಗಾಣಿಸುತ್ತದೆ. ಬ್ಯೋರ್ಕ್-ಶೈಲಿ ಎಂಬ ಪ್ರಸಿದ್ಧ ವಿದೇಶಿ ಕವಾಟದ ಒಂದು ಮಾದರಿಯಲ್ಲಿ ಬೆಸೆದ ಕಂಬಿ ಮುರಿದು ಸಾವುಗಳು ಸಂಭವಿಸಿ, 1986ರಲ್ಲಿ ಅದನ್ನು ಮಾರುಕಟ್ಟೆಯಿಂದಲೇ ಹಿಂತೆಗೆದುಕೊಳ್ಳಬೇಕಾಯಿತು.

1990ರ ಡಿಸೆಂಬರ್ 6ರಂದು ಚಿತ್ರಾ ಕವಾಟವನ್ನು ಮೊದಲ ಬಾರಿಗೆ ಮನುಷ್ಯನಿಗೆ ಅಳವಡಿಸಲಾಯಿತು. ನಂತರ 1995ರ ಜನವರಿಯವರೆಗೆ ದೇಶದ ಆರು ಕೇಂದ್ರಗಳಲ್ಲಿ 306 ರೋಗಿಗಳಿಗೆ ಅದನ್ನು ಜೋಡಿಸಿ ಅಧ್ಯಯನ ನಡೆಸಲಾಯಿತು. ಕವಾಟದ ತಯಾರಿಕೆಯನ್ನು ವಹಿಸಿಕೊಂಡದ್ದು ಪ್ರೆಸ್ಟೀಜ್ ಕುಕ್ಕರಿನಿಂದ ಮನೆಮಾತಾಗಿರುವ ಟಿಟಿಕೆ ಸಮೂಹ. ಟಿಟಿಕೆ ಚಿತ್ರಾ ಹೆಸರಿನ ಈ ಕವಾಟ ಇದುವರೆಗೆ ಒಂದು ಲಕ್ಷಕ್ಕೂ ಹೆಚ್ಚು ರೋಗಿಗಳ ಎದೆಯಲ್ಲಿ ನೆಲೆಗೊಂಡಿದೆ.

ಉದ್ಯಮಿಗಳು ಇಲ್ಲಿ ಗಮನಿಸಬೇಕಾದ ಅಂಶವಿದೆ. ಮೂರು ಮಾದರಿಗಳು ವಿಫಲವಾದಾಗ ಆದ ವೆಚ್ಚವನ್ನು ಯಾವ ಖಾಸಗಿ ಕಂಪನಿಯ ಲೆಕ್ಕಪುಸ್ತಕವೂ ತಾಳಿಕೊಳ್ಳುತ್ತಿರಲಿಲ್ಲ. ಸಾಲದ ಕಂತು ಕಟ್ಟಬೇಕಾದ ಉದ್ಯಮಿ ಎರಡನೆಯ ಮಾದರಿಗೇ ಬಾಗಿಲು ಮುಚ್ಚುತ್ತಿದ್ದ. ಇಲ್ಲವೇ ಅದಕ್ಕಿಂತ ಕೆಟ್ಟದಾಗಿ, ದೋಷವುಳ್ಳ ಮಾದರಿಯನ್ನೇ ಮಾರಾಟಕ್ಕೆ ತರುವ ಒತ್ತಡಕ್ಕೆ ಸಿಲುಕುತ್ತಿದ್ದ. ಸೋಲುವ ಅವಕಾಶವೇ ಸರ್ಕಾರಿ ಸಂಸ್ಥೆ ಉದ್ಯಮಕ್ಕೆ ನೀಡಬಲ್ಲ ಅತಿ ದೊಡ್ಡ ಸಹಾಯಧನ.

ಕರ್ನಾಟಕದ ಪಾತ್ರ

ಈ ಕಾರ್ಯದಲ್ಲಿ ಬೆಂಗಳೂರೂ ಪಾಲ್ಗೊಂಡಿದೆ. ಮೆದುಳಿನ ರಕ್ತನಾಳ ಗುಳ್ಳೆಯಂತೆ ಉಬ್ಬಿಕೊಂಡಾಗ ಎಕ್ಸ್-ರೇ ಚಿತ್ರಣದ ಮಾರ್ಗದರ್ಶನದಲ್ಲಿ ನಾಳದೊಳಗೆ ಸೂಕ್ಷ್ಮ ಜಾಲರಿಯೊಂದನ್ನು ಇಳಿಸಿ, ರಕ್ತದ ಹರಿವು ಉಬ್ಬಿನೊಳಗೆ ನುಗ್ಗದಂತೆ ತಿರುಗಿಸುವ ಚಿಕಿತ್ಸೆಯಿದೆ. ಆ ಜಾಲರಿಯನ್ನೂ, ಹೃದಯದ ಮೇಲಿನ ಕೋಣೆಗಳ ನಡುವಿನ ಹುಟ್ಟುರಂಧ್ರವನ್ನು ಮುಚ್ಚುವ ಸಾಧನವನ್ನೂ ಶ್ರೀ ಚಿತ್ರಾ ಸಂಸ್ಥೆಯು ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಸಹಯೋಗದಲ್ಲಿ ರೂಪಿಸಿತು. ಎರಡಕ್ಕೂ ಬಳಸಿದ್ದು ನಿಕಲ್ ಮತ್ತು ಟೈಟಾನಿಯಂ ಬೆರೆತ ನಿಟಿನಾಲ್. ಬಗ್ಗಿಸಿ ಕೊಳವೆಯೊಳಗೆ ತುಂಬಿದರೂ ಹೊರಬಂದೊಡನೆ ಮೊದಲಿನ ಆಕಾರ ತಾಳುವ ಲೋಹವಿದು. 2021ರಲ್ಲಿ ಈ ಎರಡು ಸಾಧನಗಳ ತಂತ್ರಜ್ಞಾನವನ್ನು ಪುಣೆಯ ಬಯೋರಾಡ್ ಮೆಡಿಸಿಸ್ ಕಂಪನಿಗೆ ವರ್ಗಾಯಿಸುವ ಒಪ್ಪಂದವಾಯಿತು. ಅದಕ್ಕೂ ಮುನ್ನ, 2020ರ ಏಪ್ರಿಲ್‌ನಲ್ಲಿ ಕೊರೊನಾ ಹಾವಳಿಯ ನಡುವೆ, ಸಂಸ್ಥೆ ರೂಪಿಸಿದ ಸ್ವಯಂಚಾಲಿತ ಕೃತಕ ಉಸಿರಾಟ ಯಂತ್ರದ ತಯಾರಿಕೆಗೆ ಬೆಂಗಳೂರಿನ ವಿಪ್ರೋ 3ಡಿ ಕೈಜೋಡಿಸಿತ್ತು.

ವಿಮಾನಕ್ಕೆಂದು ಬೆಳೆಸಿದ ಲೋಹವಿದ್ಯೆ ಹೃದಯಕ್ಕೂ ಒದಗಿದೆ. ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಗಳ ಸೂಕ್ಷ್ಮ ಯಂತ್ರಗಾರಿಕೆಯ ಘಟಕಗಳು ಇದೇ ದಿಕ್ಕಿನಲ್ಲಿ ಯೋಚಿಸಲು ಅಡ್ಡಿಯಿಲ್ಲ.

ಸಂಸ್ಥೆ ಕೊಡುವುದೇನು, ಕೊಡದಿರುವುದೇನು

ತಂತ್ರಜ್ಞಾನ ಸಿದ್ಧವಾದಾಗ ಸಂಸ್ಥೆಯು ಆಸಕ್ತ ಕಂಪನಿಗಳಿಂದ ಅರ್ಜಿ ಆಹ್ವಾನಿಸಿ, ಅವುಗಳ ಸಾಮರ್ಥ್ಯವನ್ನು ಪರಿಶೀಲಿಸಿ ಒಪ್ಪಂದ ಮಾಡಿಕೊಳ್ಳುತ್ತದೆ. ಕಂಪನಿಯು ತಂತ್ರಜ್ಞಾನ ಶುಲ್ಕವನ್ನೂ ಮಾರಾಟದ ಮೇಲೆ ರಾಯಧನವನ್ನೂ ತೆರಬೇಕಾಗುತ್ತದೆ. ಪ್ರತಿಯಾಗಿ ವಿನ್ಯಾಸ, ತಯಾರಿಕಾ ವಿಧಾನ ಮತ್ತು ತರಬೇತಿ ದೊರೆಯುತ್ತವೆ. ತಮ್ಮದೇ ವಸ್ತುವನ್ನು ರೂಪಿಸಿಕೊಂಡವರೂ ಶುಲ್ಕ ತೆತ್ತು ಅದು ದೇಹಕ್ಕೆ ಒಗ್ಗುತ್ತದೆಯೇ ಎಂಬ ಪರೀಕ್ಷೆಗಳನ್ನು ಇಲ್ಲಿ ಮಾಡಿಸಬಹುದಾಗಿದೆ. ಹೊಸ ಕಂಪನಿಗಳಿಗೆ ಆಸರೆ ನೀಡುವ ಟಿಮೆಡ್ ಎಂಬ ಕೇಂದ್ರವೂ ಸಂಸ್ಥೆಯ ಅಂಗವಾಗಿದೆ.

ಆದರೆ ಸಂಸ್ಥೆ ಗಿರಾಕಿಯನ್ನು ಕೊಡುವುದಿಲ್ಲ. ವಿದೇಶಿ ಮುದ್ರೆಯ ವಸ್ತುವಿಗೆ ಒಗ್ಗಿದ ಶಸ್ತ್ರವೈದ್ಯರನ್ನು ಒಪ್ಪಿಸುವುದು ತಯಾರಕನದೇ ಕೆಲಸ. ಧೂಳುರಹಿತ ಕೊಠಡಿ, ಐಎಸ್‌ಒ 13485 ಗುಣಮಟ್ಟ ವ್ಯವಸ್ಥೆ, ಪ್ರತಿಯೊಂದು ತಂಡದ ಸರಕಿನ ದಾಖಲೆ ಇವೆಲ್ಲವೂ ಅವನ ಖರ್ಚಿನವೇ. ತಂತ್ರಜ್ಞಾನವೂ ಹಳತಾಗುತ್ತದೆ: ಪ್ರಾಣಿಗಳ ಅಂಗಾಂಶದಿಂದ ಮಾಡಿದ ಕವಾಟಗಳಿಗೂ, ಎದೆ ತೆರೆಯದೆ ಜೋಡಿಸುವ ಕವಾಟಗಳಿಗೂ ಜಗತ್ತಿನಾದ್ಯಂತ ಬೇಡಿಕೆ ಹೆಚ್ಚಿರುವಾಗ ಲೋಹದ ಕವಾಟದ ತಯಾರಕ ಎಚ್ಚರದಿಂದಿರಬೇಕಾಗಿದೆ.

ಪರವಾನಗಿಯ ಮೆಟ್ಟಿಲುಗಳು

2017ರ ವೈದ್ಯಕೀಯ ಸಾಧನಗಳ ನಿಯಮಾವಳಿ 2018ರ ಜನವರಿ 1ರಿಂದ ಜಾರಿಯಲ್ಲಿದೆ. ಅಪಾಯದ ಪ್ರಮಾಣಕ್ಕೆ ತಕ್ಕಂತೆ ಸಾಧನಗಳನ್ನು ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗಗಳಾಗಿ ವಿಂಗಡಿಸಲಾಗಿದೆ. ಡಿ ವರ್ಗದ ಹೃದಯ ಕವಾಟ ಅತಿ ಹೆಚ್ಚಿನ ಅಪಾಯದ್ದು. ಎ ಮತ್ತು ಬಿ ವರ್ಗದ ತಯಾರಿಕೆಗೆ ರಾಜ್ಯದ ಪ್ರಾಧಿಕಾರವೂ, ಸಿ ಮತ್ತು ಡಿ ವರ್ಗಕ್ಕೆ ಕೇಂದ್ರ ಪ್ರಾಧಿಕಾರವೂ ಪರವಾನಗಿ ನೀಡುತ್ತವೆ. ಎ ಮತ್ತು ಬಿ ವರ್ಗಗಳಿಗೆ 2022ರ ಅಕ್ಟೋಬರ್ 1ರಿಂದಲೂ, ಸಿ ಮತ್ತು ಡಿ ವರ್ಗಗಳಿಗೆ 2023ರ ಅಕ್ಟೋಬರ್ 1ರಿಂದಲೂ ಪರವಾನಗಿ ಕಡ್ಡಾಯವಾಗಿದೆ. ಎ ವರ್ಗದಲ್ಲಿ ಕ್ರಿಮಿಶುದ್ಧೀಕರಣವೂ ಅಳತೆಯ ಕಾರ್ಯವೂ ಇಲ್ಲದ ಸಾಧನಗಳಿಗೆ ಮಾತ್ರ ನೋಂದಣಿ ಸಾಕು. ತನ್ನ ವಸ್ತು ಯಾವ ವರ್ಗಕ್ಕೆ ಸೇರುತ್ತದೆಂದು ತಿಳಿಯದೆ ಯಂತ್ರ ಖರೀದಿಸುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ.

ಈ ಕ್ಷೇತ್ರವನ್ನು ಹೊಸದಾಗಿ ಪ್ರವೇಶಿಸಬಯಸುವ ಉದ್ಯಮಿಯು ಮೊದಲಿಗೇ ಹೃದಯದೊಳಗೆ ಇಡುವ ಸಾಧನಕ್ಕೆ ಕೈಹಾಕಬೇಕಿಲ್ಲ. ಕಡಿಮೆ ಅಪಾಯದ ವರ್ಗದಲ್ಲಿ ಆರಂಭಿಸಿ ಗುಣಮಟ್ಟದ ಶಿಸ್ತನ್ನು ರೂಢಿಸಿಕೊಳ್ಳುವುದು, ದೊಡ್ಡ ತಯಾರಕರಿಗೆ ಬಿಡಿಭಾಗಗಳನ್ನು ಒದಗಿಸುವುದು, ಬಳಿಕ ಸಂಸ್ಥೆಯ ತಂತ್ರಜ್ಞಾನಕ್ಕೆ ಅರ್ಜಿ ಹಾಕುವುದು ಕ್ಷೇಮಕರ ಕ್ರಮ. ಮೂರು ನಾಲ್ಕು ವರ್ಷ ಆದಾಯವಿಲ್ಲದೆ ನಡೆಯುವಷ್ಟು ದುಡಿಯುವ ಬಂಡವಾಳವನ್ನು ಮೊದಲೇ ಲೆಕ್ಕದಲ್ಲಿಟ್ಟುಕೊಳ್ಳಬೇಕು. ಪ್ರಯೋಗಾಲಯದ ದಶಕಗಳ ಶ್ರಮ ಉದ್ಯಮಿಯ ಕೈಗೆ ಸಿದ್ಧವಾಗಿ ಬಂದರೂ, ಕಾಯುವ ಕಾಲದಲ್ಲಿ ಅವನ ಪಾಲು ಉಳಿದೇ ಇರುತ್ತದೆ. ಆ ಪಾಲನ್ನು ಹೊರಲು ಸಿದ್ಧರಿರುವವರಿಗೆ ತಿರುವನಂತಪುರದ ಬಾಗಿಲು ತೆರೆದಿದೆ.