ಪೇಟೆಂಟ್ ಇದ್ದರೂ ತಡೆಯಾಜ್ಞೆ ಸಿಗದಿರಬಹುದೇ?

ಪ್ರಶ್ನೆ: ಪೇಟೆಂಟ್ ಇರುವ ಕಂಪನಿ ಕೋರ್ಟಿಗೆ ಹೋದರೆ, ಎದುರಾಳಿಯ ಮಾಲಿಗೆ ಕೂಡಲೇ ತಡೆ ಬೀಳುವುದಿಲ್ಲವೇ?

ಉತ್ತರ: ಬೀಳಲೇಬೇಕೆಂದೇನೂ ಇಲ್ಲ. ಪೇಟೆಂಟ್ ಕೊಟ್ಟ ಮಾತ್ರಕ್ಕೆ ಅದು ಊರ್ಜಿತವೆಂದು ಸರ್ಕಾರ ಖಾತರಿ ಕೊಟ್ಟಂತಲ್ಲ ಎಂದು ನಮ್ಮ ಪೇಟೆಂಟ್ ಕಾಯ್ದೆಯ 13ನೇ ಕಲಮೇ ಹೇಳುತ್ತದೆ. ಹಾಗಾಗಿ ಪ್ರತಿವಾದಿ 'ನಿಮ್ಮ ಪೇಟೆಂಟೇ ನಿಲ್ಲುವುದಿಲ್ಲ' ಎಂದು ವಾದಿಸಬಹುದು. ವಿಚಾರಣೆ ಮುಗಿಯಲು ವರ್ಷಗಳೇ ಬೇಕು. ಅಲ್ಲಿಯವರೆಗಿನ ಏರ್ಪಾಡೇ ಮಧ್ಯಂತರ ತಡೆಯಾಜ್ಞೆ. ಮೇಲ್ನೋಟಕ್ಕೆ ದಾವೆಯಲ್ಲಿ ಹುರುಳಿದೆಯೇ, ತಡೆ ಕೊಟ್ಟರೆ ಅಥವಾ ಕೊಡದಿದ್ದರೆ ಯಾರಿಗೆ ಹೆಚ್ಚು ತೊಂದರೆ, ಆಗುವ ನಷ್ಟವನ್ನು ಮುಂದೆ ಹಣದಿಂದ ತುಂಬಲಾದೀತೇ ಎಂದು ನ್ಯಾಯಾಧೀಶರು ನೋಡುತ್ತಾರೆ.

ಔಷಧಿಯ ವಿಷಯದಲ್ಲಿ ರೋಗಿಯೂ ಲೆಕ್ಕಕ್ಕೆ ಬರುತ್ತಾನೆ. ಶ್ವಾಸಕೋಶದ ಕ್ಯಾನ್ಸರಿನ ಎರ್ಲೋಟಿನಿಬ್ ಮಾತ್ರೆಗೆ 2008ರಲ್ಲಿ ರೋಶ್ ಕಂಪನಿಯ ದರ ಸುಮಾರು 4,800 ರೂಪಾಯಿ ಇತ್ತು, ಸಿಪ್ಲಾ ಕಂಪನಿಯದ್ದು ಸುಮಾರು 1,600. ಒಂದೇ ಮಾತ್ರೆಯ ಬೆಲೆ ಇದು! ಆ ವರ್ಷ ದೆಹಲಿ ಹೈಕೋರ್ಟ್ ಸಿಪ್ಲಾದ ಮಾತ್ರೆಗೆ ರೋಶ್ ಕೇಳಿದ ತಡೆಯನ್ನು ನಿರಾಕರಿಸಿತು. 2009ರಲ್ಲಿ ವಿಭಾಗೀಯ ಪೀಠವೂ ಅದನ್ನೇ ಎತ್ತಿಹಿಡಿಯಿತು. ಪೇಟೆಂಟಿನ ಊರ್ಜಿತತ್ವದ ಬಗ್ಗೆ ಗಟ್ಟಿಯಾದ ಆಕ್ಷೇಪವಿತ್ತು, ಅಗ್ಗದ ಮಾತ್ರೆ ನಿಂತರೆ ರೋಗಿಗಳ ಗತಿಯೇನು ಎಂಬ ಚಿಂತೆಯೂ ಇತ್ತು.

ತಮಾಷೆಯೆಂದರೆ, 2015ರಲ್ಲಿ ಅದೇ ಹೈಕೋರ್ಟಿನ ವಿಭಾಗೀಯ ಪೀಠ ಸಿಪ್ಲಾ ಪೇಟೆಂಟ್ ಉಲ್ಲಂಘಿಸಿದೆ ಎಂದಿತು. ಆದರೆ ಪೇಟೆಂಟಿನ ಅವಧಿ 2016ರ ಮಾರ್ಚಿಗೆ ಮುಗಿಯುವುದಿತ್ತು. ಆಗಲೂ ತಡೆ ಸಿಗಲಿಲ್ಲ. ಮಾರಾಟದ ಲೆಕ್ಕ ಒಪ್ಪಿಸುವಂತೆ ಸಿಪ್ಲಾಕ್ಕೆ ಆದೇಶವಾಯಿತು.