ಪೇಟೆಯ ಬೀದಿಗೂ ಪಂದ್ಯದ ಪಥಕ್ಕೂ ಒಂದೇ ಕಾರು

ಮೈಸೂರು ರಸ್ತೆಯ ಕಡೆಯಿಂದ ರೈಲುನಿಲ್ದಾಣದತ್ತ ಸಾಗುವ ಕಾಟನ್‌ಪೇಟೆಯ ಮುಖ್ಯರಸ್ತೆಯಲ್ಲಿ, ಕೈಗಾಡಿ, ಆಟೋರಿಕ್ಷಾ, ಸರಕು ಇಳಿಸುವ ಟೆಂಪೋ, ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಬಂದ ಭಕ್ತರು ಇವೆಲ್ಲದರ ನಡುವೆ ಎರಡನೆಯ ಗೇರಿಗೆ ಏರುವ ಅವಕಾಶವೇ ದುರ್ಲಭವಾಗಿರುವಾಗ, ಅಲ್ಲಿಯ ನಿವಾಸಿಯಾದ ತರುಣನೊಬ್ಬನು 150 ಕುದುರೆಶಕ್ತಿಯ ಕಾರಿಗಾಗಿ ಹಂಬಲಿಸುವುದು ಮೇಲುನೋಟಕ್ಕೆ ವಿಪರೀತವೆಂದು ತೋರಬಹುದು. ಆದರೆ ಆ ಹಂಬಲಕ್ಕೆ ಬೇಕಾದ ಸಾಧನಸಾಮಗ್ರಿಯೆಲ್ಲವೂ ಅವನ ಮನೆಗೆ ಸಮೀಪದಲ್ಲಿಯೇ ಉಂಟು. ಪುರಭವನದಿಂದ ಮಿನರ್ವ ವೃತ್ತದವರೆಗೆ ಹಬ್ಬಿರುವ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳು, ಅದರ ಮಗ್ಗುಲಿನ ಕಲಾಸಿಪಾಳ್ಯ, ಸ್ವಲ್ಪ ಆಚೆಗೆ ಶಿವಾಜಿನಗರದ ಗುಜರಿ, ಇವು ಮೂರನ್ನೂ ಬಲ್ಲ ಒಬ್ಬ ಮೆಕ್ಯಾನಿಕ್ಕು ಜೊತೆಗಿದ್ದರೆ, ತಯಾರಕನೇ ಮರೆತುಬಿಟ್ಟ ಕಾರನ್ನೂ ಈ ಊರಿನಲ್ಲಿ ಜೀವಂತವಾಗಿ ಇಟ್ಟುಕೊಳ್ಳಬಹುದು. ಜೊತೆಗೆ ಕೆ-1000 ರ‍್ಯಾಲಿಯನ್ನು ದಶಕಗಳಿಂದ ನಡೆಸಿಕೊಂಡು ಬಂದಿರುವ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು ಬೆಂಗಳೂರಿನದೇ.

ಪಂದ್ಯವೆಂದೊಡನೆ ವಿದೇಶದ ಫಾರ್ಮುಲಾ ಕಾರುಗಳನ್ನು ನೆನೆಯುವವರಿಗೆ ಆಶ್ಚರ್ಯವಾದೀತು. ದಕ್ಷಿಣ ಭಾರತದಲ್ಲಿ ಈ ಕ್ರೀಡೆಯು ಬೇರೂರಿದ್ದು ಬಹುಮಟ್ಟಿಗೆ ಮನೆಯ ಕಾರುಗಳ ಆಶ್ರಯದಲ್ಲಿ. ಎರಡನೆಯ ಮಹಾಯುದ್ಧದ ಕಾಲದ ವಿಮಾನಪಟ್ಟಿಯಾಗಿದ್ದ ಮದರಾಸಿನ ಹತ್ತಿರದ ಶೋಲಾವರಂನಲ್ಲಿ 1950ರ ದಶಕದಿಂದ ನಡೆದ ಪಂದ್ಯಗಳಲ್ಲಿ ಫಿಯಟ್ಟು, ಹೆರಾಲ್ಡುಗಳಂಥ ಸಂಸಾರವಂದಿಗರ ಕಾರುಗಳೂ ಓಡಿದವು. 1990ರಲ್ಲಿ ಅದೇ ನಗರದ ಬಳಿಯ ಇರುಂಗಾಟ್ಟುಕೋಟೈಯಲ್ಲಿ 3.7 ಕಿಲೋಮೀಟರಿನ ಪಥವು ತೆರೆದ ಮೇಲೆ ಕ್ರೀಡೆಯು ಅಲ್ಲಿಗೆ ಸ್ಥಳಾಂತರಗೊಂಡಿತು. ಬೆಂಗಳೂರಿನ ಹವ್ಯಾಸಿಯು ಇಂದಿಗೂ ತನ್ನ ಕಾರಿನ ನಿಜವಾದ ವೇಗವನ್ನು ಕಾಣಬೇಕಾದರೆ ಸುಮಾರು 300 ಕಿಲೋಮೀಟರು ಸಾಗಿ ಅಲ್ಲಿಗೋ, ಅದಕ್ಕಿಂತ ದೂರದ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಪಥಕ್ಕೋ ಹೋಗಬೇಕು. ಹೋದ ಕಾರೇ ಮರಳಿ ಬಂದು ಸೋಮವಾರ ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಡಬೇಕಾಗಿರುವುದರಿಂದಲೇ ಹಳೆಯ ಸ್ಪೋರ್ಟ್ಸ್ ಸೆಡಾನಿನ, ಎಂದರೆ ನಾಲ್ಕು ಬಾಗಿಲು, ಹಿಂದೆ ಡಿಕ್ಕಿ, ಮುಂದೆ ಸಾಮಾನ್ಯಕ್ಕಿಂತ ಸಮರ್ಥವಾದ ಎಂಜಿನ್ ಇರುವ ಕಾರಿನ, ಆಯ್ಕೆಯು ಇಷ್ಟೊಂದು ವಿಚಾರಕ್ಕೆ ವಿಷಯವಾಗಿದೆ.

ನಮ್ಮ ಮಾರುಕಟ್ಟೆಯಲ್ಲಿ ಹೆಸರು ಮಾಡಿದವು ಬಹಳವೇನೂ ಇಲ್ಲ. 2000ದ ಇಸವಿಯಲ್ಲಿ ಬಂದ ಹೋಂಡಾ ಸಿಟಿಯ ವಿಟೆಕ್ ಮಾದರಿಯು ಒಂದೂವರೆ ಲೀಟರಿನ ಎಂಜಿನ್ನಿನಿಂದಲೇ 106 ಕುದುರೆಶಕ್ತಿಯನ್ನು ಹೊರಡಿಸಿ ಒಂದು ಪೀಳಿಗೆಯ ಯುವಕರ ನಿದ್ರೆಯನ್ನು ಕೆಡಿಸಿತು. ಅನಂತರ ಬಂದ ಎರಡು ಲೀಟರಿನ ಮಿತ್ಸುಬಿಶಿ ಸೀಡಿಯಾ ರಾಷ್ಟ್ರೀಯ ರ‍್ಯಾಲಿಗಳಲ್ಲಿ ವರ್ಷಾನುವರ್ಷ ಮೆರೆಯಿತು. 2004ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 150 ಕುದುರೆಶಕ್ತಿಯ ಟರ್ಬೋ ಎಂಜಿನ್ನನ್ನು ಮಧ್ಯಮವರ್ಗದ ಕಣ್ಣಳತೆಗೆ ತಂದಿತು; ಅದೇ ಹೆಸರಿನಲ್ಲಿ 2017ರಲ್ಲಿ 230 ಕುದುರೆಶಕ್ತಿಯದೂ, 2020ರಲ್ಲಿ ಕೇವಲ 200 ಸಂಖ್ಯೆಯಲ್ಲಿ 245 ಕುದುರೆಶಕ್ತಿಯದೂ ಬಂದುವು. ಫಿಯಟ್ ಲೀನಿಯಾ ಟಿ-ಜೆಟ್ಟನ್ನು ಮೆಚ್ಚುವವರು ಇಂದಿಗೂ ಇದ್ದಾರೆ. ಅದರ ಬಿಡಿಭಾಗಗಳನ್ನು ಹುಡುಕಿ ಸುಸ್ತಾದವರೂ ಇದ್ದಾರೆ, ಮತ್ತು ಇವರಿಬ್ಬರೂ ಸಾಮಾನ್ಯವಾಗಿ ಒಬ್ಬರೇ. 2022ರಿಂದ ಮಾರಾಟದಲ್ಲಿರುವ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿಯ 150 ಕುದುರೆಶಕ್ತಿಯ ಕಾರುಗಳು ಈಗೀಗ ಸೆಕೆಂಡ್‌ಹ್ಯಾಂಡಿಗೆ ಬರತೊಡಗಿವೆ.

ಇಲ್ಲಿ ಬೆಂಗಳೂರಿಗೇ ವಿಶಿಷ್ಟವಾದ ಒಂದು ಸಂಗತಿಯನ್ನು ಗಮನಿಸಬೇಕು. ನಮ್ಮ ನಗರವು ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ವಾಯುಭಾರವು ಕರಾವಳಿಗಿಂತ ಹತ್ತರಲ್ಲಿ ಒಂದು ಪಾಲಿನಷ್ಟು ಕಡಿಮೆ. ತಾನಾಗಿಯೇ ಉಸಿರೆಳೆಯುವ ವಿಟೆಕ್‌ನಂಥ ಎಂಜಿನ್ನು ಇಲ್ಲಿ ಹೆಚ್ಚುಕಡಮೆ ಅಷ್ಟೇ ಪ್ರಮಾಣದ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಟರ್ಬೋ ಎಂಜಿನ್ನು ಗಾಳಿಯನ್ನು ಬಲವಂತವಾಗಿ ಒಳಕ್ಕೆ ತಳ್ಳುವುದರಿಂದ ಆ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ಆದುದರಿಂದ ಚಾಮರಾಜಪೇಟೆಯಲ್ಲಿ ಓಡಿಸಿ ನೋಡಿದಾಗ ಪಿಕಪ್ ಸಾಲದೆಂದು ತೋರಿದ ಟರ್ಬೋ ಇಲ್ಲದ ಕಾರು ಇರುಂಗಾಟ್ಟುಕೋಟೈಯಲ್ಲಿ ಬೇರೊಂದೇ ಕಾರಿನಂತೆ ವರ್ತಿಸಿದರೆ, ಅದನ್ನು ಅದೃಷ್ಟದ ಲೆಕ್ಕಕ್ಕೆ ಬರೆಯಬೇಕಾಗಿಲ್ಲ.

ಕಾರನ್ನು ಪರೀಕ್ಷಿಸುವ ಕಾರ್ಯಕ್ಕೆ ಹಗಲು ಹೊತ್ತೇ ಆಗಬೇಕು. ಮಾರುವವನು ಮುಂಚಿತವಾಗಿ ಎಂಜಿನ್ನನ್ನು ಚಾಲೂ ಮಾಡಿ ಇಟ್ಟಿರಕೂಡದು. ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಬೆಚ್ಚಗಿದ್ದರೆ ಮರುದಿನ ಬರುವೆನೆಂದು ಹೇಳಿ ಹಿಂದಿರುಗುವಷ್ಟು ತಾಳ್ಮೆ ಇಲ್ಲದವನು ಈ ವ್ಯವಹಾರಕ್ಕೆ ಇಳಿಯದಿರುವುದೇ ಮೇಲು. ತಣ್ಣಗಿದ್ದ ಎಂಜಿನ್ನು ಮೊದಲ ಕ್ಷಣದಲ್ಲಿ ಹೇಳುವ ಸತ್ಯವನ್ನು ಬಿಸಿಯಾದ ಮೇಲೆ ಹೇಳುವುದಿಲ್ಲ. ನೀಲಿಯ ಹೊಗೆ ಬಂದರೆ ಎಂಜಿನ್ ಆಯಿಲು ಸುಡುತ್ತಿದೆ. ಬಿಸಿಯಾದ ಮೇಲೆಯೂ ಬಿಳಿಯ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ಟಿನ ಮೂಲಕ ಕೂಲೆಂಟು ಒಳಸೇರುತ್ತಿರಬಹುದು. ಕಪ್ಪು ಹೊಗೆಯು ಪೆಟ್ರೋಲು ಅತಿಯಾಗುತ್ತಿರುವುದರ ಚಿಹ್ನೆ. ಟರ್ಬೋ ಕಾರನ್ನು ಒಂದೆರಡು ನಿಮಿಷ ನಿಂತಲ್ಲೇ ಓಡಗೊಟ್ಟು ಒಮ್ಮೆಲೆ ಆಕ್ಸಿಲರೇಟರ್ ಒತ್ತಿದಾಗ ನೀಲಿ ಹೊಗೆ ಕಾಣಿಸಿಕೊಂಡರೆ ಟರ್ಬೋದ ಸೀಲುಗಳ ಮೇಲೆ ಸಂಶಯಪಡಬೇಕು. ಕಂಪ್ರೆಷನ್ ಪರೀಕ್ಷೆಯನ್ನು ತಪ್ಪದೆ ಮಾಡಿಸಬೇಕು. ನಾಲ್ಕು ಸಿಲಿಂಡರುಗಳ ಅಂಕಿಗಳು ದೊಡ್ಡವಾಗಿರುವುದಕ್ಕಿಂತ ಪರಸ್ಪರ ಸಮೀಪವಾಗಿರುವುದು ಮುಖ್ಯ. 2004ರ ಆಕ್ಟೇವಿಯಾದಲ್ಲಿ ಟೈಮಿಂಗ್ ಬೆಲ್ಟು ಯಾವಾಗ ಬದಲಾಯಿತೆಂಬ ಪ್ರಶ್ನೆಗೆ ರಸೀದಿಯೇ ಉತ್ತರವಾಗಬೇಕು, ಬಾಯಿಮಾತಲ್ಲ; ಆ ಬೆಲ್ಟು ತುಂಡಾದರೆ ಪಿಸ್ಟನ್ನುಗಳು ವಾಲ್ವುಗಳಿಗೆ ಬಡಿದು ಎಂಜಿನ್ನೇ ಹಾಳಾಗುತ್ತದೆ. 2017ರ ಕಾರಿನ ಆರು ಗೇರಿನ ಡಿಎಸ್‌ಜಿ ಸ್ವಯಂಚಾಲಿತ ಪೆಟ್ಟಿಗೆಗೆ 60,000 ಕಿಲೋಮೀಟರಿಗೊಮ್ಮೆ ಎಣ್ಣೆ ಬದಲಾಯಿಸಿದ ದಾಖಲೆಯನ್ನೂ ಹಾಗೆಯೇ ಕೇಳಬೇಕು.

ಮೀಟರನ್ನು ಹಿಂದಕ್ಕೆ ತಿರುಗಿಸುವ ವಿದ್ಯೆಯು ಸುಲಭವಾದುದರಿಂದ ಅದರ ಅಂಕಿಯನ್ನು ನಂಬುವುದಕ್ಕಿಂತ ಕ್ಲಚ್ ಪೆಡಲಿನ ರಬ್ಬರು, ಸ್ಟೇರಿಂಗಿನ ಚರ್ಮ, ಚಾಲಕನ ಸೀಟಿನ ಅಂಚು, ಇವುಗಳ ಸವೆತವನ್ನು ನಂಬುವುದು ಲೇಸು. ಟೈರಿನ ಮಗ್ಗುಲಲ್ಲಿ ನಾಲ್ಕು ಅಂಕಿಗಳ ಒಂದು ಗುರುತು ಇರುತ್ತದೆ. ಮೊದಲೆರಡು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ತಿಳಿಸುತ್ತವೆ. 20,000 ಕಿಲೋಮೀಟರು ಓಡಿದ್ದೆಂದು ಹೇಳುವ ಕಾರಿಗೆ ಕಾರಿಗಿಂತ ಕಿರಿಯ ವಯಸ್ಸಿನ ನಾಲ್ಕು ಟೈರುಗಳು ಏಕೆ ಬೇಕಾದುವು ಎಂದು ಕೇಳುವುದು ಅಸಭ್ಯತೆಯಲ್ಲ. 2015ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿಯೂ, 2022ರ ಸೆಪ್ಟೆಂಬರಿನಲ್ಲಿ ನಮ್ಮದೇ ಹೊರವರ್ತುಲ ರಸ್ತೆಯ ಬಡಾವಣೆಗಳಲ್ಲಿಯೂ ಎಷ್ಟೋ ಬೆಲೆಬಾಳುವ ಕಾರುಗಳು ನೀರಿನಲ್ಲಿ ಮುಳುಗಿದುವು. ಅಂಥ ಕಾರಿನ ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿದರೆ, ತೊಳೆಯುವವನ ಕೈಗೆ ಸಿಗದ ಭಾಗದಲ್ಲಿ ಕೆಸರಿನ ಗೆರೆ ಉಳಿದಿರುವುದುಂಟು.

ಕಾಗದಪತ್ರಗಳ ವಿಷಯವು ನೀರಸವಾದರೂ ಬಿಡುವಂತಿಲ್ಲ. ಹಕ್ಕು ವರ್ಗಾವಣೆಗೆ 29 ಮತ್ತು 30ನೆಯ ನಮೂನೆಗಳು, ಸಾಲವಿದ್ದ ಕಾರಾದರೆ ಅದು ತೀರಿದುದಕ್ಕೆ 35ನೆಯ ನಮೂನೆಯೂ ಬ್ಯಾಂಕಿನ ಪತ್ರವೂ ಬೇಕು. ದೆಹಲಿಯಲ್ಲಿ ಅಗ್ಗವೆಂದು ತರಿಸಿದ ಕಾರಿಗೆ ಇಲ್ಲಿಯ ಜೀವಾವಧಿ ತೆರಿಗೆಯನ್ನು ಕಟ್ಟುವಾಗ ಆ ಅಗ್ಗದ ಬಹುಭಾಗ ಕರಗಿಹೋಗುತ್ತದೆ. ನೋಂದಣಿಯು 15 ವರ್ಷ ದಾಟಿದ ಮೇಲೆ 5 ವರ್ಷಕ್ಕೊಮ್ಮೆ ತಪಾಸಣೆಗೆ ಒಪ್ಪಿಸಿ ನವೀಕರಿಸಬೇಕಾಗಿರುವುದರಿಂದ ವಿಟೆಕ್ ಸಿಟಿಯನ್ನು ಬಯಸುವವನು ಎಫ್‌ಸಿಯ ಪತ್ರವನ್ನೇ ಮೊದಲು ಕೇಳಲಿ. ಇಂಥ ಹಳೆಯ ಕಾರುಗಳಲ್ಲಿ, ಈಗ ಬಂಕುಗಳಲ್ಲಿ ದೊರೆಯುವ ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲನ್ನು ತಾಳಲಾರದ ರಬ್ಬರ್ ಕೊಳವೆ, ವಾಷರುಗಳನ್ನು ಪರೀಕ್ಷಿಸಿ ಬದಲಾಯಿಸುವುದೂ ಒಳ್ಳೆಯದು.

ಇನ್ನು ಮುಖ್ಯವಾದ ತೊಡಕಿಗೆ ಬರೋಣ. ರಸ್ತೆಗೆ ಇಳಿಯುವ ಕಾರು ತಯಾರಕನು ಕೊಟ್ಟ ರೂಪದಲ್ಲಿಯೇ ಇರಬೇಕೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣ ವಿಧಿಸುತ್ತದೆ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಪಂದ್ಯದ ನಿಯಮಗಳಾದರೋ ಇದಕ್ಕೆ ವಿರುದ್ಧ: ವೇಗದ ಪಂದ್ಯಕ್ಕೆ ಇಳಿಯಬೇಕಾದರೆ ಒಳಗೆ ಉಕ್ಕಿನ ರೋಲ್‌ಕೇಜು, ಪಂದ್ಯದ ಸೀಟು, ಅಗಲವಾದ ಬೆಲ್ಟು, ಅಗ್ನಿಶಾಮಕ ಎಲ್ಲವೂ ಬೇಕು. ಹೆಲ್ಮೆಟ್ಟು ಧರಿಸಿದ ತಲೆಯನ್ನು ಕಾಪಾಡುವ ಆ ಉಕ್ಕಿನ ಕೊಳವೆಯೇ ಹೆಲ್ಮೆಟ್ಟಿಲ್ಲದ ತಲೆಗೆ, ಹಿಂದಿನ ಸೀಟಿನಲ್ಲಿ ಕುಳಿತ ಮಗುವಿಗೆ ಅಪಾಯಕರ. ಕಂಬಳದ ಕೋಣವನ್ನು ಯಾರೂ ನೇಗಿಲಿಗೆ ಹೂಡುವುದಿಲ್ಲ. ರೋಲ್‌ಕೇಜು ಸೇರಿದ ಕಾರೂ ಆ ಜಾತಿಗೆ ಸೇರಿಹೋಗುತ್ತದೆ. ಇಷ್ಟಲ್ಲದೆ, ನಮ್ಮ ಸಾಮಾನ್ಯ ಕಾರುವಿಮೆಯು ಸಂಘಟಿತ ಪಂದ್ಯ, ವೇಗಪರೀಕ್ಷೆ, ವಿಶ್ವಾಸಾರ್ಹತಾ ಪರೀಕ್ಷೆ, ಇವುಗಳಲ್ಲಿ ಆದ ನಷ್ಟವನ್ನು ಭರಿಸುವುದಿಲ್ಲವೆಂದು ಪಾಲಿಸಿಯಲ್ಲಿಯೇ ಅಚ್ಚಾಗಿರುತ್ತದೆ. ಬಹುತೇಕ ಜನ ಆ ಪುಟವನ್ನು ಓದುವುದಿಲ್ಲ.

ಆದಕಾರಣ ಒಂದೇ ಕಾರಿನಲ್ಲಿ ಎರಡು ಪ್ರಯೋಜನವನ್ನೂ ಪಡೆಯಬೇಕೆಂಬವನು, ಕಾರನ್ನು ಪಂದ್ಯಕ್ಕೆ ಹೊಂದಿಸುವ ಬದಲು ಕಾರಿಗೆ ಹೊಂದುವ ಪಂದ್ಯವನ್ನು ಆರಿಸಿಕೊಳ್ಳತಕ್ಕದ್ದು. ಕಾಲ, ವೇಗ, ದೂರಗಳ ಲೆಕ್ಕಾಚಾರದಿಂದ ನಡೆಯುವ ಟಿಎಸ್‌ಡಿ ರ‍್ಯಾಲಿಯಲ್ಲಿ ವೇಗವಾಗಿ ಬಂದವನಿಗೂ ದಂಡ, ತಡವಾಗಿ ಬಂದವನಿಗೂ ದಂಡ. ಅಲ್ಲಿ ಎಂಜಿನ್ನಿಗಿಂತ ಪಕ್ಕದಲ್ಲಿ ಕುಳಿತ ನ್ಯಾವಿಗೇಟರನ ತಲೆ ಚುರುಕಾಗಿರಬೇಕು. ಪಥದಲ್ಲಿ ಸ್ಪರ್ಧೆಯಿಲ್ಲದೆ ಓಡಿಸಗೊಡುವ ದಿನಗಳಿಗೂ ಕಾರಿನ ಸ್ವರೂಪವನ್ನು ಬದಲಾಯಿಸಬೇಕಾಗಿಲ್ಲ. ಅದಕ್ಕೆ ಬೇಕಾದದ್ದು ಒಳ್ಳೆಯ ಟೈರು, ಹೊಸ ಬ್ರೇಕ್ ಪ್ಯಾಡು, ಹೊಸ ಬ್ರೇಕ್ ಆಯಿಲು. ಈ ಆಯಿಲು ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು: ಡಾಟ್-4 ದರ್ಜೆಯ ಹೊಸ ಆಯಿಲು 230 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಕುದಿಯದಿರಬೇಕೆಂದು ನಿಯಮವಿದ್ದರೆ, ತೇವ ಸೇರಿದ್ದಕ್ಕೆ ಆ ಮಿತಿಯು 155ಕ್ಕೆ ಇಳಿಯುತ್ತದೆ. ಕಾಟನ್‌ಪೇಟೆಯಲ್ಲಿ ಈ ವ್ಯತ್ಯಾಸ ಜನ್ಮದಲ್ಲಿ ತಿಳಿಯದು. ಪಥದ ಮೂರನೆಯ ಸುತ್ತಿನಲ್ಲಿ, ಪೆಡಲು ಮೆತ್ತಗೆ ನೆಲಕ್ಕೆ ಇಳಿದಾಗ, ತಿಳಿಯುತ್ತದೆ.

ನನ್ನ ಅಭಿಪ್ರಾಯವನ್ನು ಹೇಳುವುದಾದರೆ, ಪ್ರಸಿದ್ಧವಾದ ಆದರೆ ನಾಲ್ಕು ಕೈ ಬದಲಿಸಿ, ರೀಮ್ಯಾಪ್ ಮಾಡಿಸಿ, ಸ್ಪ್ರಿಂಗು ಕತ್ತರಿಸಿ ತಗ್ಗಿಸಿದ ಆರ್‌ಎಸ್‌ಗಿಂತ, ಒಬ್ಬರೇ ಮಾಲೀಕರ ಕೈಯಲ್ಲಿ ಯಾವ ಬದಲಾವಣೆಯೂ ಇಲ್ಲದೆ ಬಾಳಿದ ವರ್ಟಸ್ ಅಥವಾ ಅದೇ ಕಂಪನಿಯ ವೆಂಟೋ ಎಷ್ಟೋ ಉತ್ತಮ. ಕೈಯಲ್ಲಿರುವ ಹಣದ ಮೂರರಲ್ಲಿ ಒಂದು ಪಾಲನ್ನು ಮೊದಲ ವರ್ಷದ ರಿಪೇರಿಗೆ ತೆಗೆದಿರಿಸಿ, ಉಳಿದುದರಲ್ಲಿ ಕಾರನ್ನು ಕೊಳ್ಳಬೇಕು. ನಂದಿಬೆಟ್ಟದ ದಾರಿಯಲ್ಲಾಗಲಿ ವಿಮಾನನಿಲ್ದಾಣದ ರಸ್ತೆಯಲ್ಲಾಗಲಿ ಮುಂಜಾವಿನಲ್ಲಿ ಪಂದ್ಯ ಕಟ್ಟುವುದು ಮೋಟಾರು ವಾಹನ ಕಾಯಿದೆಯ 189ನೆಯ ಪ್ರಕರಣದಂತೆ ಅಪರಾಧ: ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಸೆರೆ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮುಂಗಡ ಕೊಡುವ ಮೊದಲು ಯಾವುದಾದರೂ ಒಂದು ರ‍್ಯಾಲಿಗೆ ಹೋಗಿ, ಸಾಧ್ಯವಾದರೆ ಸ್ವಯಂಸೇವಕ ಮಾರ್ಷಲ್ಲಾಗಿ ನಿಂತು, ಯಾವ ಯಾವ ಕಾರುಗಳ ಬಾನೆಟ್ಟು ಎಷ್ಟೆಷ್ಟು ಸಲ ಮೇಲೇಳುತ್ತದೆಂಬುದನ್ನು ಕಣ್ಣಾರೆ ಎಣಿಸಿಕೊಂಡು ಬನ್ನಿರಿ.