ಸೇವಾ ಕೌಂಟರ್‌ಗಳ ಕೈಹಿಡಿ ಬಾರ್‌ಕೋಡ್ ಸ್ಕ್ಯಾನರ್‌ಗಳು: ಚಾರ್ಜ್ ಮಾಡುವ ಹಾಗೂ ಸುರಕ್ಷಿತವಾಗಿ ಇರಿಸುವ ಕ್ರಮ

ಪೀಠಿಕೆ

ಅರ್ಜಿ ಸಲ್ಲಿಸುವ, ಸ್ವೀಕೃತಿ ಪಡೆಯುವ ಅಥವಾ ಸಿದ್ಧವಾದ ದಾಖಲೆಯನ್ನು ಒಯ್ಯುವ ಸಲುವಾಗಿ ಸಾರ್ವಜನಿಕರು ಕೌಂಟರ್‌ಗೆ ಬಂದಾಗ, ಸಿಬ್ಬಂದಿಯು ಕಾಗದದ ಮೇಲಿನ ಗೆರೆಗಳ ಕಡೆಗೆ ಒಂದು ಚಿಕ್ಕ ಉಪಕರಣವನ್ನು ಹಿಡಿಯುವುದನ್ನು ಹಲವೆಡೆ ಕಾಣಬಹುದಾಗಿದೆ. ಇದೇ ಕೈಹಿಡಿ ಬಾರ್‌ಕೋಡ್ ಸ್ಕ್ಯಾನರ್. ತಂತಿಯಿಲ್ಲದ ಸ್ಕ್ಯಾನರ್‌ಗಳು ಬ್ಯಾಟರಿಯಿಂದ ನಡೆಯುತ್ತವೆ. ಹಿಂದಿನ ಸಂಜೆ ಅದನ್ನು ಚಾರ್ಜ್‌ಗೆ ಇಡಲು ಮರೆತಲ್ಲಿ, ಮರುದಿನ ಬೆಳಿಗ್ಗೆ ಸಾಲಿನಲ್ಲಿ ನಿಂತವರು ಅದರ ಬೆಲೆ ತೆರಬೇಕಾಗುತ್ತದೆ. ದಿನಗೂಲಿಯನ್ನು ಬಿಟ್ಟು ಬಂದ ಅರ್ಜಿದಾರರಿಗೆ ಇದು ಅಲ್ಪ ನಷ್ಟವಲ್ಲ. ಆದುದರಿಂದ ಈ ಉಪಕರಣದ ಪಾಲನೆಯ ಬಗ್ಗೆ, ಹಾಗೂ ಅದು ಕೆಲಸ ಮಾಡದಿದ್ದಾಗ ಅರ್ಜಿದಾರರು ತಿಳಿದಿರಬೇಕಾದ ವಿಷಯಗಳ ಬಗ್ಗೆ ಈ ಕೆಳಗೆ ವಿವರಿಸಲಾಗಿದೆ. ಸೇವಾ ಕೇಂದ್ರ, ಅಂಗಡಿ, ಗ್ರಂಥಾಲಯ, ಔಷಧಿ ಮಳಿಗೆ ಮುಂತಾದವುಗಳನ್ನು ನಡೆಸುವವರಿಗೂ ಈ ಮಾಹಿತಿಯು ಉಪಯುಕ್ತವಾಗಿರುತ್ತದೆ.

1. ಬಾರ್‌ಕೋಡ್ ಮತ್ತು ಸ್ಕ್ಯಾನರ್ ಎಂದರೇನು?

ಒಂದು ಸಂಖ್ಯೆಯನ್ನು ದಪ್ಪ ಹಾಗೂ ತೆಳು ಗೆರೆಗಳ ರೂಪದಲ್ಲಿ ಮುದ್ರಿಸುವ ವಿಧಾನವೇ ಬಾರ್‌ಕೋಡ್. ಅಮೆರಿಕದ ಓಹಾಯೋ ರಾಜ್ಯದ ಟ್ರಾಯ್ ಪಟ್ಟಣದ ಅಂಗಡಿಯೊಂದರಲ್ಲಿ 1974ರ ಜೂನ್ 26ರಂದು ಚೂಯಿಂಗ್ ಗಮ್ ಪೊಟ್ಟಣವೊಂದರ ಮೇಲಿನ ಬಾರ್‌ಕೋಡನ್ನು ಓದುವುದರೊಂದಿಗೆ ಇದರ ವಾಣಿಜ್ಯ ಬಳಕೆಯು ವ್ಯಾಪಕವಾಗಲು ಆರಂಭವಾಯಿತು. ಚೌಕಾಕಾರದ ಕ್ಯೂಆರ್ ಸಂಕೇತವು 1994ರಲ್ಲಿ ಜಪಾನಿನಲ್ಲಿ ಬಳಕೆಗೆ ಬಂದಿತು.

ಸ್ಕ್ಯಾನರ್ ಗೆರೆಗಳ ಮೇಲೆ ಬೆಳಕು ಹಾಯಿಸುತ್ತದೆ. ಕಪ್ಪು ಗೆರೆಯು ಬೆಳಕನ್ನು ಹೀರುತ್ತದೆ, ಬಿಳಿ ಜಾಗವು ಹಿಂದಿರುಗಿಸುತ್ತದೆ. ಈ ವ್ಯತ್ಯಾಸದಿಂದ ಉಪಕರಣವು ಸಂಖ್ಯೆಯನ್ನು ಓದಿ ಗಣಕಯಂತ್ರಕ್ಕೆ ಕಳುಹಿಸುತ್ತದೆ. ಕೆಲವು ಸ್ಕ್ಯಾನರ್‌ಗಳಲ್ಲಿ ಲೇಸರ್ ಕಿರಣ, ಕೆಲವುಗಳಲ್ಲಿ ಪುಟ್ಟ ಕ್ಯಾಮೆರಾ ಇರುತ್ತದೆ. ಲೇಸರ್ ಮಾದರಿಗಳು ಸಾಮಾನ್ಯವಾಗಿ 1 ಮಿಲಿವ್ಯಾಟ್ ಮಿತಿಯ ಎರಡನೇ ದರ್ಜೆಗೆ ಸೇರಿದವು. ಆದಾಗ್ಯೂ ಕಿರಣವನ್ನು ನೇರವಾಗಿ ದಿಟ್ಟಿಸಿ ನೋಡಬಾರದು. ಕೌಂಟರ್‌ನ ಎದುರು ಮಕ್ಕಳು ನಿಂತಿರುವಾಗ ಇದು ವಿಶೇಷವಾಗಿ ಗಮನಿಸಬೇಕಾದ ಅಂಶ.

2. ಬ್ಯಾಟರಿಯ ಸ್ವರೂಪ

ಈಗಿನ ತಂತಿರಹಿತ ಸ್ಕ್ಯಾನರ್‌ಗಳಲ್ಲಿ ಹೆಚ್ಚಾಗಿ ಲಿಥಿಯಂ-ಅಯಾನ್ ಬ್ಯಾಟರಿಗಳಿರುತ್ತವೆ. ಮೊಬೈಲ್ ದೂರವಾಣಿಯಲ್ಲಿರುವುದೂ ಇದೇ ಜಾತಿಯ ಬ್ಯಾಟರಿ. ಇದು 1991ರಲ್ಲಿ ಮಾರುಕಟ್ಟೆಗೆ ಬಂದಿದ್ದು, ಇದನ್ನು ಅಭಿವೃದ್ಧಿಪಡಿಸಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು.

ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿದ ನಂತರವೇ ಚಾರ್ಜ್ ಮಾಡಬೇಕೆಂಬ ನಂಬಿಕೆಯು ಹಲವು ಕಚೇರಿಗಳಲ್ಲಿ ಇಂದಿಗೂ ಉಳಿದಿದೆ. ಇದು ಹಳೆಯ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳಿಗೆ ಸಂಬಂಧಿಸಿದ ಮಾತು. ಲಿಥಿಯಂ-ಅಯಾನ್ ಬ್ಯಾಟರಿಗೆ ಇದು ಅನ್ವಯಿಸುವುದಿಲ್ಲ; ಪದೇ ಪದೇ ಪೂರ್ತಿ ಖಾಲಿ ಮಾಡುವುದರಿಂದ ಅದರ ಆಯುಷ್ಯವು ಕ್ಷೀಣಿಸುತ್ತದೆ. ಮಧ್ಯಾಹ್ನದ ಊಟದ ವಿರಾಮದಲ್ಲಿ ಅರ್ಧ ಗಂಟೆ ತೊಟ್ಟಿಲಿನಲ್ಲಿ ಇಟ್ಟರೂ ಯಾವುದೇ ಹಾನಿಯಿಲ್ಲ.

ಇಂತಹ ಬ್ಯಾಟರಿಯು ಸಾಮಾನ್ಯವಾಗಿ 300ರಿಂದ 500 ಪೂರ್ಣ ಆವರ್ತನಗಳ ನಂತರ ತನ್ನ ಸಾಮರ್ಥ್ಯದ ಗಣನೀಯ ಭಾಗವನ್ನು ಕಳೆದುಕೊಳ್ಳುತ್ತದೆ. ವರ್ಷಕ್ಕೆ 250 ಕೆಲಸದ ದಿನಗಳೆಂದು ಭಾವಿಸಿ, ಪ್ರತಿದಿನ ಒಂದು ಪೂರ್ಣ ಆವರ್ತನವೆಂದು ಲೆಕ್ಕ ಹಾಕಿದಲ್ಲಿ 500 ಆವರ್ತನಗಳು 2 ವರ್ಷಗಳಲ್ಲಿ ಮುಗಿಯುತ್ತವೆ. ದಿನಕ್ಕೆ ಅರ್ಧ ಭಾಗ ಮಾತ್ರ ಬಳಸಿದಲ್ಲಿ ಅದೇ ಲೆಕ್ಕವು 4 ವರ್ಷಕ್ಕೆ ಏರುತ್ತದೆ. ಆದುದರಿಂದ ಬ್ಯಾಟರಿಯ ಬದಲಾವಣೆಗೆ ತಗಲುವ ವೆಚ್ಚವನ್ನು ಆಕಸ್ಮಿಕ ಖರ್ಚೆಂದು ಭಾವಿಸದೆ, ಮುಂಚಿತವಾಗಿಯೇ ಅಂದಾಜಿನಲ್ಲಿ ಸೇರಿಸಿಕೊಳ್ಳುವುದು ಸೂಕ್ತ.

3. ಚಾರ್ಜ್ ಮಾಡುವ ಕ್ರಮ

(ಅ) ಉಪಕರಣದೊಂದಿಗೆ ಬಂದ, ಅಥವಾ ತಯಾರಕರು ಸೂಚಿಸಿದ ಚಾರ್ಜರ್ ಮತ್ತು ತೊಟ್ಟಿಲನ್ನೇ ಬಳಸತಕ್ಕದ್ದು. ಪಿನ್ ಹೊಂದಿಕೊಂಡ ಮಾತ್ರಕ್ಕೆ ವೋಲ್ಟೇಜ್ ಹೊಂದಿಕೊಳ್ಳುತ್ತದೆ ಎಂದು ತಿಳಿಯಬಾರದು.

(ಆ) ದಿನದ ಕೆಲಸ ಮುಗಿದ ಕೂಡಲೇ ಸ್ಕ್ಯಾನರನ್ನು ತೊಟ್ಟಿಲಿನಲ್ಲಿ ಇರಿಸಿ, ದೀಪವು ಹೊತ್ತಿಕೊಂಡಿರುವುದನ್ನು ನೋಡಿ ಖಚಿತಪಡಿಸಿಕೊಳ್ಳತಕ್ಕದ್ದು. ಸ್ಕ್ಯಾನರ್ ತೊಟ್ಟಿಲಿನಲ್ಲಿದ್ದರೂ ಲೋಹದ ಸ್ಪರ್ಶಬಿಂದುಗಳು ಕೂಡದಿದ್ದರೆ ಚಾರ್ಜ್ ಆಗುವುದಿಲ್ಲ. ಬೆಳಿಗ್ಗೆ ಖಾಲಿ ಕಂಡುಬರಲು ಇದು ಒಂದು ಸಾಮಾನ್ಯ ಕಾರಣ.

(ಇ) ಸ್ಪರ್ಶಬಿಂದುಗಳನ್ನು ಆಗಾಗ್ಗೆ ಒಣ, ಮೃದುವಾದ ಬಟ್ಟೆಯಿಂದ ಒರೆಸತಕ್ಕದ್ದು. ಮರಳು ಕಾಗದದಿಂದ ಉಜ್ಜಬಾರದು. ಮೇಲಿನ ಲೇಪನವು ಹೋದಲ್ಲಿ ತುಕ್ಕು ಹಿಡಿಯುತ್ತದೆ.

(ಈ) ತೊಟ್ಟಿಲಿಗೆ ವಿದ್ಯುತ್ ಒದಗಿಸುವ ಗೋಡೆಯ ಸ್ವಿಚ್ಚನ್ನು ಕಚೇರಿ ಮುಚ್ಚುವಾಗ ದೀಪ, ಫ್ಯಾನುಗಳೊಂದಿಗೆ ಆರಿಸಿಬಿಡುವ ಸಂಭವವಿರುತ್ತದೆ. ಅದಕ್ಕೆ ಗುರುತಿನ ಚೀಟಿ ಅಂಟಿಸತಕ್ಕದ್ದು. ರಾತ್ರಿ ವಿದ್ಯುತ್ ಬಿಡುವುದು ಸುರಕ್ಷಿತವಲ್ಲದ ಕಟ್ಟಡಗಳಲ್ಲಿ, ಬೆಳಿಗ್ಗೆ ಬಾಗಿಲು ತೆರೆಯುವ ಸಿಬ್ಬಂದಿಯು ಮೊದಲಿಗೆ ಚಾರ್ಜ್‌ಗೆ ಇಡುವ ವ್ಯವಸ್ಥೆ ಇರಬೇಕು.

(ಉ) ಒಂದೇ ವಿಸ್ತರಣಾ ಹಲಗೆಗೆ ಹಲವು ತೊಟ್ಟಿಲುಗಳನ್ನೂ, ಅದರೊಂದಿಗೆ ನೀರು ಕಾಯಿಸುವ ಸಾಧನವನ್ನೂ ಜೋಡಿಸಬಾರದು.

4. ಇರಿಸುವ ಸ್ಥಳ

ಶಾಖವು ಲಿಥಿಯಂ-ಅಯಾನ್ ಬ್ಯಾಟರಿಯ ಮುಖ್ಯ ಶತ್ರು. ಸಾಮಾನ್ಯವಾಗಿ 45 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಉಷ್ಣತೆಯಲ್ಲಿಯೂ, 0 ಡಿಗ್ರಿಗಿಂತ ಕಡಿಮೆ ಉಷ್ಣತೆಯಲ್ಲಿಯೂ ಅದನ್ನು ಚಾರ್ಜ್ ಮಾಡುವುದು ಯುಕ್ತವಲ್ಲ. ಕಲಬುರಗಿ, ರಾಯಚೂರು ಮುಂತಾದ ಕಡೆಗಳಲ್ಲಿ ಬೇಸಿಗೆಯ ಉಷ್ಣತೆಯು 40 ಡಿಗ್ರಿಯನ್ನು ದಾಟುತ್ತದೆ. ಅಲ್ಲಿ ಪಶ್ಚಿಮದ ಕಿಟಕಿಯ ಬದಿಯಲ್ಲಿ, ತಗಡಿನ ಮಾಡಿನ ಕೆಳಗೆ ಅಥವಾ ಬಿಸಿಲಿನಲ್ಲಿ ನಿಲ್ಲಿಸಿದ ವಾಹನದೊಳಗೆ ಇಟ್ಟ ಸ್ಕ್ಯಾನರ್ ಸುಲಭವಾಗಿ ಈ ಮಿತಿಯನ್ನು ಮೀರಬಹುದು. ಕರಾವಳಿ ಹಾಗೂ ಮಲೆನಾಡಿನಲ್ಲಿ ಮಳೆಗಾಲದ ತೇವವು ಸ್ಪರ್ಶಬಿಂದುಗಳಿಗೆ ಹಾನಿ ಮಾಡುತ್ತದೆ. ಅಂತಹ ಕಡೆ ಗೋಡೆಗೆ ತಾಗದಂತೆ, ಗಾಳಿಯಾಡುವ ಒಣ ಜಾಗದಲ್ಲಿ ಇರಿಸತಕ್ಕದ್ದು.

ಚಾರ್ಜ್ ಆಗುತ್ತಿರುವ ಉಪಕರಣವನ್ನು ಕಡತಗಳ ರಾಶಿಯ ಮೇಲೆ, ಮುಚ್ಚಿದ ಮರದ ಕಪಾಟಿನೊಳಗೆ ಅಥವಾ ಪರದೆಯ ಬಳಿ ಇಡಬಾರದು. ಕಲ್ಲು, ಲೋಹ ಮುಂತಾದ ಬೆಂಕಿ ಹಿಡಿಯದ ಮೇಲ್ಮೈಯನ್ನು ಆರಿಸತಕ್ಕದ್ದು. ಸ್ಕ್ಯಾನರನ್ನು ಹೊಸದಾಗಿ ಕೊಳ್ಳಬಹುದು, ಆದರೆ ನಾಗರಿಕರು ಸಲ್ಲಿಸಿದ ಮೂಲ ದಾಖಲೆಗಳು ಸುಟ್ಟರೆ ಅವುಗಳನ್ನು ಮರಳಿ ಪಡೆಯುವುದು ಕಷ್ಟಸಾಧ್ಯ.

ಕೆಲವು ತಿಂಗಳ ಕಾಲ ಬಳಸದೆ ಇಡುವುದಾದಲ್ಲಿ ಬ್ಯಾಟರಿಯಲ್ಲಿ ಶೇಕಡ 40ರಿಂದ 60ರಷ್ಟು ಚಾರ್ಜ್ ಉಳಿಸಿ, ತಂಪಾದ ಒಣ ಸ್ಥಳದಲ್ಲಿ ಇರಿಸತಕ್ಕದ್ದು. ಪೂರ್ತಿ ತುಂಬಿ ಇಟ್ಟರೆ ಬೇಗನೆ ಸಾಮರ್ಥ್ಯ ಕುಂದುತ್ತದೆ. ಪೂರ್ತಿ ಖಾಲಿಯಾಗಿ ಇಟ್ಟರೆ ಮುಂದೆ ಚಾರ್ಜ್ ಸ್ವೀಕರಿಸದೇ ಹೋಗಬಹುದು. ಮೂರು ತಿಂಗಳಿಗೊಮ್ಮೆ ಪರಿಶೀಲಿಸುವುದು ಒಳ್ಳೆಯ ರೂಢಿ.

5. ವಹಿಯಲ್ಲಿ ನಮೂದು

ನಗದು ಪೆಟ್ಟಿಗೆಗೆ ಲೆಕ್ಕವಿರುವಂತೆ ಸ್ಕ್ಯಾನರ್‌ಗೂ ಲೆಕ್ಕವಿರಬೇಕು. ಪ್ರತಿಯೊಂದು ಸ್ಕ್ಯಾನರ್, ತೊಟ್ಟಿಲು ಮತ್ತು ಹೆಚ್ಚುವರಿ ಬ್ಯಾಟರಿಗೆ ಒಂದೊಂದು ಸಂಖ್ಯೆ ನೀಡಿ, ಖರೀದಿಯ ದಿನಾಂಕದೊಂದಿಗೆ ದಾಸ್ತಾನು ವಹಿಯಲ್ಲಿ ನಮೂದಿಸತಕ್ಕದ್ದು. ಬೆಳಿಗ್ಗೆ ಪಡೆದವರ ಹಾಗೂ ಸಂಜೆ ಹಿಂದಿರುಗಿಸಿದವರ ಸಹಿಗೆ ಎರಡು ಅಂಕಣಗಳು ಸಾಕು. ಮೂರನೆಯ ಅಂಕಣದಲ್ಲಿ "ಚಾರ್ಜ್ ಎಷ್ಟು ಹೊತ್ತು ಬಂದಿತು" ಎಂದು ಬರೆದಲ್ಲಿ, ಯಾವ ಬ್ಯಾಟರಿ ದುರ್ಬಲವಾಗುತ್ತಿದೆ ಎಂಬುದು ಅದು ನಿಲ್ಲುವ ಮೊದಲೇ ತಿಳಿದುಬರುತ್ತದೆ. "ಎಲ್ಲರ ಜವಾಬ್ದಾರಿ" ಎಂದು ಬಿಟ್ಟ ಕೆಲಸವು ಯಾರ ಜವಾಬ್ದಾರಿಯೂ ಆಗಿ ಉಳಿಯುವುದಿಲ್ಲವಾದ್ದರಿಂದ, ಸಂಜೆಯ ಚಾರ್ಜಿಂಗ್ ಕೆಲಸವನ್ನು ಒಬ್ಬರಿಗೆ ವಹಿಸಿ, ಅವರ ರಜೆಯ ದಿನಗಳಿಗೆ ಬದಲಿ ವ್ಯಕ್ತಿಯನ್ನೂ ಸೂಚಿಸತಕ್ಕದ್ದು.

6. ಅಪಾಯದ ಲಕ್ಷಣಗಳು

ಬ್ಯಾಟರಿ ಊದಿಕೊಂಡಿರುವುದು, ಮುಚ್ಚಳ ಸರಿಯಾಗಿ ಕೂರದಿರುವುದು, ಅತಿಯಾಗಿ ಬಿಸಿಯಾಗುವುದು, ವಿಚಿತ್ರ ವಾಸನೆ ಬರುವುದು ಇವು ಅಪಾಯದ ಸೂಚನೆಗಳು. ಅಂತಹ ಬ್ಯಾಟರಿಯನ್ನು ಕೂಡಲೇ ಬಳಕೆಯಿಂದ ತೆಗೆಯತಕ್ಕದ್ದು. ಅದನ್ನು ಒತ್ತಿ ಕೂರಿಸುವುದಾಗಲಿ, ಚುಚ್ಚುವುದಾಗಲಿ, ಮತ್ತೆ ಚಾರ್ಜ್ ಮಾಡಿ ನೋಡುವುದಾಗಲಿ ಸರ್ವಥಾ ಕೂಡದು. ಹೊಗೆ ಕಂಡುಬಂದಲ್ಲಿ ಅದು ವಿಷಕಾರಿಯಾಗಿರುವುದರಿಂದ, ಮೊದಲು ಸಾರ್ವಜನಿಕರನ್ನು ಹೊರಗೆ ಕಳುಹಿಸಿ, ಸಾಧ್ಯವಾದಲ್ಲಿ ಮುಖ್ಯ ಸ್ವಿಚ್ಚಿನಿಂದ ವಿದ್ಯುತ್ ಕಡಿತಗೊಳಿಸಿ, ಅಗ್ನಿಶಾಮಕ ಸೇವೆಯ 101 ಅಥವಾ ತುರ್ತು ಸೇವೆಯ 112 ಸಂಖ್ಯೆಗೆ ಕರೆ ಮಾಡತಕ್ಕದ್ದು.

ಕೆಟ್ಟ ಬ್ಯಾಟರಿಗಳನ್ನು ಕಸದ ಬುಟ್ಟಿಗೆ ಹಾಕಬಾರದು. ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರ ಪ್ರಕಾರ ಬಳಕೆದಾರರು ಅವುಗಳನ್ನು ಇತರೆ ತ್ಯಾಜ್ಯದಿಂದ ಬೇರ್ಪಡಿಸಿ, ಸಂಗ್ರಹಣೆ ಅಥವಾ ಮರುಬಳಕೆಯಲ್ಲಿ ತೊಡಗಿರುವವರಿಗೆ ಒಪ್ಪಿಸಬೇಕಾಗುತ್ತದೆ. ಒಪ್ಪಿಸುವವರೆಗೆ ಬ್ಯಾಟರಿಯ ತುದಿಗಳಿಗೆ ಟೇಪ್ ಅಂಟಿಸಿ ಪ್ರತ್ಯೇಕವಾಗಿ ಇರಿಸತಕ್ಕದ್ದು.

7. ಸ್ಕ್ಯಾನರ್ ಕೆಲಸ ಮಾಡದಿದ್ದಾಗ ಅರ್ಜಿದಾರರು ಏನು ಮಾಡಬೇಕು?

ಸ್ಕ್ಯಾನರ್ ಕೇವಲ ಅನುಕೂಲದ ಸಾಧನ. ಗೆರೆಗಳ ಕೆಳಗೆ ಅಥವಾ ಪಕ್ಕದಲ್ಲಿ ಅದೇ ಸಂಖ್ಯೆಯನ್ನು ಸಾಮಾನ್ಯವಾಗಿ ಓದಬಹುದಾದ ಅಂಕಿಗಳಲ್ಲಿ ಮುದ್ರಿಸಿರುವುದು ಇಂತಹ ಸಂದರ್ಭಕ್ಕಾಗಿಯೇ. ಆ ಅಂಕಿಗಳನ್ನು ಕೀಲಿಮಣೆಯಿಂದ ನಮೂದಿಸಿ ಕೆಲಸ ಮುಂದುವರಿಸಬಹುದು. ಅರ್ಜಿದಾರರು ವಿನಯದಿಂದ ಇದನ್ನು ಕೋರಬಹುದಾಗಿದೆ.

ಕೈಯಿಂದ ನಮೂದಿಸುವಾಗ ಅಂಕಿಗಳು ತಪ್ಪುವ ಸಂಭವವಿದೆ. ಇದನ್ನು ತಡೆಯಲು ಹಲವು ಸಂಖ್ಯೆಗಳ ಕೊನೆಯಲ್ಲಿ ತಾಳೆ ಅಂಕಿಯೊಂದು ಇರುತ್ತದೆ. ಸ್ಪೀಡ್ ಪೋಸ್ಟ್ ಚೀಟಿಯ ಮೇಲೆ ಎರಡು ಅಕ್ಷರ, ಒಂಬತ್ತು ಅಂಕಿ ಮತ್ತು "ಐಎನ್" ಎಂಬ ದೇಶಸೂಚಕ ಇರುತ್ತದೆ. ಒಂಬತ್ತನೆಯ ಅಂಕಿಯೇ ತಾಳೆ ಅಂಕಿ. ಮೊದಲ ಎಂಟು ಅಂಕಿಗಳನ್ನು ಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿ ಕೂಡಿ, ಮೊತ್ತವನ್ನು 11ರಿಂದ ಭಾಗಿಸಿ, ಬಂದ ಶೇಷವನ್ನು 11ರಿಂದ ಕಳೆದರೆ ಆ ಅಂಕಿ ದೊರೆಯುತ್ತದೆ. ಹೀಗೆ ಬಂದ ಫಲವು 10 ಆದಲ್ಲಿ 0 ಎಂದೂ, 11 ಆದಲ್ಲಿ 5 ಎಂದೂ ಪರಿಗಣಿಸಲಾಗುತ್ತದೆ. ಉದಾಹರಣೆಗೆ 12345678ಕ್ಕೆ ಮೊತ್ತ 204, ಶೇಷ 6, ತಾಳೆ ಅಂಕಿ 5. ಅವಸರದಲ್ಲಿ 3 ಮತ್ತು 4 ಅದಲುಬದಲಾಗಿ 12435678 ಎಂದಾದಲ್ಲಿ ಮೊತ್ತ 206, ಶೇಷ 8, ತಾಳೆ ಅಂಕಿ 3 ಆಗುವುದರಿಂದ ತಪ್ಪು ಹೊರಬೀಳುತ್ತದೆ. ತಾಳೆ ಅಂಕಿಯಿಲ್ಲದ ಸಂಖ್ಯೆಗಳಲ್ಲಿ ಈ ರಕ್ಷಣೆ ಇರುವುದಿಲ್ಲ. ಆದ್ದರಿಂದ ನಮೂದಿಸಿದ ನಂತರ ಪರದೆಯ ಮೇಲೆ ತಮ್ಮ ಹೆಸರೇ ಬಂದಿದೆಯೇ ಎಂದು ಅರ್ಜಿದಾರರು ಕೇಳಿ ತಿಳಿದುಕೊಳ್ಳುವುದು ಅಗತ್ಯ. ಒಂದು ಅಂಕಿಯ ವ್ಯತ್ಯಾಸದಿಂದ ಒಬ್ಬರ ದಾಖಲೆಯು ಮತ್ತೊಬ್ಬರ ಕಡತಕ್ಕೆ ಸೇರಬಹುದು.

ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಯ ಸೇವೆಗಳಿಗೆ ಸಂಬಂಧಿಸಿದಂತೆ, ಅರ್ಜಿ ಸಲ್ಲಿಸಿದವರಿಗೆ ಸ್ವೀಕೃತಿ ಸಂಖ್ಯೆಯನ್ನು ನೀಡಲಾಗುತ್ತದೆ. ನಿಗದಿತ ಕಾಲಾವಧಿಯ ಎಣಿಕೆಯು ಅರ್ಜಿ ಸಲ್ಲಿಸಿದ ದಿನಾಂಕವನ್ನು ಅವಲಂಬಿಸಿರುತ್ತದೆ. ಅರ್ಜಿಯನ್ನು ಸ್ವೀಕರಿಸದೆ "ನಾಳೆ ಬನ್ನಿ" ಎಂದು ಕಳುಹಿಸಿದಲ್ಲಿ ಎಣಿಕೆಯೇ ಆರಂಭವಾಗುವುದಿಲ್ಲ; ಅರ್ಜಿದಾರರು ಕಳೆದುಕೊಂಡ ಆ ದಿನವು ಯಾವ ದಾಖಲೆಯಲ್ಲಿಯೂ ಕಾಣಿಸುವುದಿಲ್ಲ. ಆದಕಾರಣ ಸ್ಕ್ಯಾನರ್ ನಿಂತಿದ್ದರೂ ಅರ್ಜಿಯನ್ನು ಸಲ್ಲಿಸಿ, ಸ್ವೀಕೃತಿಯನ್ನು ಪಡೆದೇ ಹಿಂದಿರುಗುವುದು ಸೂಕ್ತ.

8. ಅರ್ಜಿದಾರರ ಸಹಕಾರ

ಬಾರ್‌ಕೋಡ್ ಇರುವ ಚೀಟಿಯನ್ನು ಗೆರೆಗಳ ಮೇಲೆ ಮಡಚಬಾರದು, ಪಿನ್ ಚುಚ್ಚಬಾರದು, ಅದರ ಮೇಲೆ ಬರೆಯಬಾರದು. ಕೆಲವು ರಸೀದಿಗಳು ಶಾಖಮುದ್ರಿತ ಕಾಗದದಲ್ಲಿದ್ದು, ಬಿಸಿಲಿಗೆ ಮಾಸುತ್ತವೆ. ಅವುಗಳ ನೆರಳಚ್ಚು ಪ್ರತಿಯನ್ನು ಇಟ್ಟುಕೊಂಡು, ಸಂಖ್ಯೆಯನ್ನು ಬೇರೊಂದು ಕಡೆ ಬರೆದುಕೊಳ್ಳುವುದು ಕ್ಷೇಮ. ಕೌಂಟರ್‌ನ ಚಾರ್ಜಿಂಗ್ ಜಾಗದಲ್ಲಿ ಸ್ವಂತ ಮೊಬೈಲ್ ಚಾರ್ಜ್ ಮಾಡಲು ಕೋರದಿರುವುದು ಸಹ ಒಂದು ಸಹಕಾರವೇ ಆಗಿರುತ್ತದೆ.

ಸಂಜೆ ಐದು ನಿಮಿಷ ವಿನಿಯೋಗಿಸಿ ಸ್ಕ್ಯಾನರನ್ನು ಅದರ ಸ್ಥಾನದಲ್ಲಿ ಇರಿಸಿದಲ್ಲಿ ಮರುದಿನ ಸಾಲಿನಲ್ಲಿ ನಿಂತವರ ಗಂಟೆಗಳು ಉಳಿಯುತ್ತವೆ. ಈ ಮಾಹಿತಿಯನ್ನು ಸೇವಾ ಕೇಂದ್ರಗಳ ಸಿಬ್ಬಂದಿಯು ಪಾಲಿಸಬೇಕೆಂದೂ, ಸಾರ್ವಜನಿಕರು ಇದರ ಸದುಪಯೋಗ ಪಡೆದುಕೊಳ್ಳಬೇಕೆಂದೂ ಕೋರಲಾಗಿದೆ.